ಒಂದೇ ಅರ್ಜಿ, ಬ್ರೌಸರಿಗೊಂದು ನಡೆ

ಕಾಲೇಜು ಪ್ರವೇಶದ ದಿನಗಳಲ್ಲಿ ದಾವಣಗೆರೆಯ ಸೈಬರ್ ಸೆಂಟರ್‌ಗಳಿಗೆ ಬರುವ ವಿದ್ಯಾರ್ಥಿಗಳದು ಒಂದು ಸಾಮಾನ್ಯ ದೂರು. ಎಲ್ಲ ಕಾಲಂ ತುಂಬಿದರೂ ಮೊಬೈಲಿನಲ್ಲಿ ‘ಸಲ್ಲಿಸಿ’ ಗುಂಡಿ ಮಸುಕಾಗಿಯೇ ಉಳಿಯುತ್ತದೆ. ಅದೇ ಅರ್ಜಿ ಅಲ್ಲಿನ ಕಂಪ್ಯೂಟರಿನಲ್ಲಿ ಸಲೀಸಾಗಿ ಹೋಗುತ್ತದೆ. ಇಂಟರ್‌ನೆಟ್ ನಿಧಾನವೆಂದು ಅವರು ಬೈದುಕೊಳ್ಳುತ್ತಾರೆ. ಹಲವು ಸಲ ತಪ್ಪು ಇಂಟರ್‌ನೆಟ್ಟಿನದಲ್ಲ. ಒಂದೊಂದು ಬ್ರೌಸರ್ ಒಂದೊಂದು ಬಗೆಯಲ್ಲಿ ನಡೆದುಕೊಳ್ಳುವುದೇ ಕಾರಣ. ಅದರ ಬೇರು 1990ರ ದಶಕದಲ್ಲಿದೆ.

ಬ್ರೌಸರ್ ತಯಾರಿಸುತ್ತಿದ್ದ ನೆಟ್‌ಸ್ಕೇಪ್ ಸಂಸ್ಥೆಗಾಗಿ ಬ್ರೆಂಡನ್ ಐಕ್ 1995ರಲ್ಲಿ, ಬ್ರೌಸರಿನೊಳಗೇ ಓಡುವ ಜಾವಾಸ್ಕ್ರಿಪ್ಟ್ ಎಂಬ ಪ್ರೋಗ್ರಾಮಿಂಗ್ ಭಾಷೆಯನ್ನು ರೂಪಿಸಿದರು. ಅರ್ಜಿ ಸರ್ವರಿಗೆ ಹೋಗುವ ಮುನ್ನವೇ ತಪ್ಪು ಹಿಡಿಯುವುದು ಅದರ ಮೊದಲ ಉಪಯೋಗಗಳಲ್ಲೊಂದು. ಫೋಕಸ್ (ಕಾಲಂಗೆ ಬಂದಾಗ), ಬ್ಲರ್ (ಅದನ್ನು ಬಿಟ್ಟಾಗ), ಚೇಂಜ್ (ಮೌಲ್ಯ ಬದಲಾದಾಗ) ಎಂಬ ಇವೆಂಟ್‌ಗಳು, ಅಂದರೆ ಏನೋ ನಡೆಯಿತೆಂದು ಬ್ರೌಸರ್ ಕೋಡಿಗೆ ಕೊಡುವ ಸೂಚನೆಗಳು, ಹೀಗೆ ಬಂದವು. ಮರುವರ್ಷ ಮೈಕ್ರೋಸಾಫ್ಟ್ ತನ್ನ ಬ್ರೌಸರ್ ಇಂಟರ್‌ನೆಟ್ ಎಕ್ಸ್‌ಪ್ಲೋರರ್ 3ರಲ್ಲಿ ಅದನ್ನೇ ಅನುಕರಿಸಿತು. ಹೆಸರುಗಳು ಒಂದೇ ಆದವು. ಯಾವುದು ಯಾವ ಕ್ಷಣದಲ್ಲಿ ನಡೆಯಬೇಕೆಂಬ ಲಿಖಿತ ನಿಯಮ ಮಾತ್ರ ಇರಲಿಲ್ಲ.

ದಾವಣಗೆರೆಯು ಚಿತ್ರದುರ್ಗದಿಂದ ಬೇರ್ಪಟ್ಟು ಜಿಲ್ಲೆಯಾದ 1997ರಲ್ಲೇ ಈ ಎರಡು ಬ್ರೌಸರ್‌ಗಳ ನಾಲ್ಕನೇ ಆವೃತ್ತಿಗಳೂ ಹೊರಬಂದವು, ದಾರಿಗಳೂ ಬೇರೆಯಾದವು. ದುರ್ಗದ ಏಳುಸುತ್ತಿನ ಕೋಟೆಯನ್ನು ನೆನೆಯಿರಿ. ಪುಟದ ಭಾಗಗಳೂ ಹಾಗೆಯೇ ಒಂದರೊಳಗೊಂದು. ಇವೆಂಟಿನ ಸುದ್ದಿ ಹೊರಗೋಡೆಯಿಂದ ಒಳಕ್ಕೆ ಸಾಗಬೇಕೆಂದಿತು ನೆಟ್‌ಸ್ಕೇಪ್; ಒಳಗಿನಿಂದ ಹೊರಕ್ಕೆ ಬರಬೇಕೆಂದಿತು ಮೈಕ್ರೋಸಾಫ್ಟ್. 2000ದ ನವೆಂಬರಿನಲ್ಲಿ ವೆಬ್‌ನ ಮಾನದಂಡಗಳನ್ನು ರೂಪಿಸುವ ಡಬ್ಲ್ಯೂ3ಸಿ ಸಂಸ್ಥೆ ಎರಡನ್ನೂ ಒಪ್ಪಿ, ಮೊದಲು ಒಳಕ್ಕೆ, ಆಮೇಲೆ ಹೊರಕ್ಕೆ ಎಂದು ಇತ್ಯರ್ಥ ಮಾಡಿತು.

ಇತ್ಯರ್ಥವಾದದ್ದು ಕಾಗದದ ಮೇಲೆ. ಎಕ್ಸ್‌ಪ್ಲೋರರ್ ಆ ನಿಯಮಕ್ಕೆ ಬಂದದ್ದು 2011ರಲ್ಲಿ, ಒಂಬತ್ತನೇ ಆವೃತ್ತಿಯಲ್ಲಿ. ಅಲ್ಲಿಯವರೆಗೆ ಚೆಕ್‌ಬಾಕ್ಸ್ ಒತ್ತಿದರೂ ಅದರಲ್ಲಿ ಚೇಂಜ್ ಇವೆಂಟ್ ನಡೆಯುತ್ತಿರಲಿಲ್ಲ. ಬೇರೆಡೆಗೆ ಹೋದ ಮೇಲಷ್ಟೇ ನಡೆಯುತ್ತಿತ್ತು. ಒಂಬತ್ತರಲ್ಲೂ ಅಕ್ಷರ ಅಳಿಸಿದರೆ, ಬರಹ ಬದಲಾದ ಕೂಡಲೇ ಬರಬೇಕಾದ ಇನ್‌ಪುಟ್ ಇವೆಂಟ್ ಬರುತ್ತಿರಲಿಲ್ಲ. ಬ್ರೌಸರ್‌ಗಳ ವ್ಯತ್ಯಾಸವನ್ನು ಮರೆಮಾಡುವ, 2006ರಲ್ಲಿ ಬಂದ ಜೆಕ್ವೆರಿ ಎಂಬ ಸಿದ್ಧ ಕೋಡ್‌ಗಳ ಸಂಗ್ರಹವನ್ನು ಪ್ರೋಗ್ರಾಮರ್‌ಗಳು ಎರಡೂ ಕೈಯಲ್ಲಿ ಅಪ್ಪಿಕೊಂಡದ್ದಕ್ಕೆ ಇಂಥ ಕಾಟವೇ ದೊಡ್ಡ ಕಾರಣ.

ಎಕ್ಸ್‌ಪ್ಲೋರರ್ 2022ರ ಜೂನಿನಲ್ಲಿ ನಿವೃತ್ತವಾಯಿತು. ಸಮಸ್ಯೆ ಮೊಬೈಲಿಗೆ ವಲಸೆ ಹೋಯಿತು, ಮತ್ತು ಇದರ ಪೆಟ್ಟು ಕನ್ನಡದಲ್ಲಿ ಬರೆಯುವವರಿಗೆ ಹೆಚ್ಚು ತಾಗುತ್ತದೆ. ಕಂಪ್ಯೂಟರಿನಲ್ಲಿ ಯಾವ ಕೀಲಿ ಒತ್ತಿದರೆಂದು ಕೀಡೌನ್ ಇವೆಂಟ್ ಹೇಳುತ್ತದೆ. ಆಂಡ್ರಾಯ್ಡ್ ಕ್ರೋಮ್‌ನಲ್ಲಿ ಬಹುತೇಕ ಪ್ರತಿ ಕೀಲಿಗೂ ಬರುವುದು 229 ಎಂಬ ಒಂದೇ ಸಂಖ್ಯೆ. ಕೀಬೋರ್ಡ್ ಪದವನ್ನು ಇನ್ನೂ ಜೋಡಿಸುತ್ತಿದೆ ಎಂಬುದಷ್ಟೇ ಅದರ ಸೂಚನೆ. ಕೀಲಿಯ ಸಂಖ್ಯೆ ನೋಡಿ ‘ಹೆಸರು ತುಂಬಿದೆ’ ಎಂದು ತೀರ್ಮಾನಿಸುವ ಕೋಡ್ ಇಲ್ಲಿ ಕುರುಡಾಗುತ್ತದೆ, ಗುಂಡಿ ಮಸುಕಾಗಿಯೇ ಉಳಿಯುತ್ತದೆ.

ಪದಜೋಡಣೆ ಮುಗಿಯುವವರೆಗೆ ಇನ್‌ಪುಟ್ ಇವೆಂಟನ್ನು ಕಡೆಗಣಿಸುವುದು ಕೆಲವರು ಹಿಡಿಯುವ ದಾರಿ. ಅಲ್ಲೂ ಒಂದು ತೊಡಕು. ಫೈರ್‌ಫಾಕ್ಸ್‌ನಲ್ಲಿ ಜೋಡಣೆ ಮುಗಿದ ಸೂಚನೆ ಮೊದಲು, ಕೊನೆಯ ಇನ್‌ಪುಟ್ ಆಮೇಲೆ. ಕ್ರೋಮ್‌ನಲ್ಲಿ ಇದು ತಿರುವುಮುರುವು, ಹಾಗಾಗಿ ಕೊನೆಯ ಪದವೇ ಲೆಕ್ಕಕ್ಕೆ ಸಿಗದೆ ಹೋಗುತ್ತದೆ. ಎರಡು ಸೂಚನೆಗಳಲ್ಲಿ ಯಾವುದು ಬಂದರೂ ಕಾಲಂನಲ್ಲಿ ಆಗ ಇರುವ ಮೌಲ್ಯವನ್ನೇ ಮತ್ತೆ ಓದುವುದು ಒಳ್ಳೆಯದು. ಬ್ರೌಸರಿನ ಹೆಸರು ನೋಡಿ ಕೋಡ್ ಬದಲಿಸುವ ಹಳೆಯ ಚಾಳಿಯನ್ನಂತೂ ಬಿಡಲೇಬೇಕು; ಮುಂದಿನ ಆವೃತ್ತಿಯಲ್ಲಿ ಅದು ಕೈಕೊಡುತ್ತದೆ.

ದೋಷ ಹುಡುಕುವಾಗ ಊಹೆಗಿಂತ ದಾಖಲೆ ಮೇಲು. ಫೋನನ್ನು ಯುಎಸ್‌ಬಿ ಕೇಬಲಿನಿಂದ ಕಂಪ್ಯೂಟರಿಗೆ ಜೋಡಿಸಿ, ಪ್ರತಿ ಇವೆಂಟಿನ ಹೆಸರು, ಸಮಯ ಮತ್ತು ಆ ಕ್ಷಣದ ಮೌಲ್ಯವನ್ನು ಕನ್ಸೋಲಿನಲ್ಲಿ (ಬ್ರೌಸರಿನ ದೋಷಪರೀಕ್ಷೆಯ ಕಿಟಕಿಯಲ್ಲಿ) ಮುದ್ರಿಸಿದರೆ ಎರಡು ಬ್ರೌಸರ್‌ಗಳ ಅನುಕ್ರಮ ಅಕ್ಕಪಕ್ಕದಲ್ಲಿ ಸಿಗುತ್ತದೆ. ಪರೀಕ್ಷೆಗೆ ‘ಟೆಸ್ಟ್’ ಎಂದು ಇಂಗ್ಲಿಷಿನಲ್ಲಿ ಬರೆದು ಕೈತೊಳೆದುಕೊಳ್ಳಬಾರದು. ‘ಚಿತ್ರದುರ್ಗ’ ಎಂದು ಬರೆದು ನೋಡಿ: ನಮ್ಮ ಕಣ್ಣಿಗೆ ನಾಲ್ಕು ಅಕ್ಷರ, ಜಾವಾಸ್ಕ್ರಿಪ್ಟಿನ ಲೆಕ್ಕಕ್ಕೆ 10. ಎಲ್ಲ ಭಾಷೆಗಳ ಲಿಪಿಗಳಿಗೆ ಸಂಖ್ಯೆ ಕೊಡುವ ಯೂನಿಕೋಡ್ ಪಟ್ಟಿಯಲ್ಲಿ ‘ಅಕ್ಷರ’ ಎಂಬ ವರ್ಗವನ್ನಷ್ಟೇ ಉಳಿಸಿಕೊಂಡು ಮಿಕ್ಕದ್ದನ್ನು ಅಳಿಸುವ ಕೋಡ್, ಗುಣಿತಚಿಹ್ನೆಗಳನ್ನೂ ಒತ್ತಕ್ಷರ ಕಟ್ಟುವ ವಿರಾಮಚಿಹ್ನೆಯನ್ನೂ (್) ತೆಗೆದುಹಾಕಿ ‘ಚತರದರಗ’ ಎಂದು ಉಳಿಸುತ್ತದೆ. ಆ ವರ್ಗದ ಜೊತೆಗೆ ಚಿಹ್ನೆಗಳ ವರ್ಗವನ್ನೂ ಸೇರಿಸಿದರೆ ಊರಿನ ಹೆಸರು ಇಡಿಯಾಗಿ ಸರ್ವರಿಗೆ ತಲುಪುತ್ತದೆ.