ಅಳುವ ಮಗು, ಹೆದರಿದ ಸೀಲ್

ತುಮಕೂರಿನ ಒಂದು ಲ್ಯಾಬ್‌ನಲ್ಲಿ ನಾನು ದಿನಾ ಬೆಳಿಗ್ಗೆ ರಕ್ತ ತೆಗೆಯುತ್ತೇನೆ. ಕೆಲವು ವರ್ಷದ ಹಿಂದೆ ಗುಬ್ಬಿ ಕಡೆಯ ಒಬ್ಬ ತಾಯಿ ನಾಲ್ಕು ವರ್ಷದ ಮಗನನ್ನು ಕರೆದುಕೊಂಡು ಬಂದಿದ್ದರು. ಸೂಜಿ ಕಂಡದ್ದೇ ತಡ, ಹುಡುಗ ಕಿರುಚಿ, ಒದ್ದು, ಬೆವೆತುಹೋದ. ಇಬ್ಬರು ಹಿಡಿದುಕೊಂಡು ಹೇಗೋ ತೆಗೆದೆವು. ಬಿಳಿ ರಕ್ತಕಣಗಳ ಲೆಕ್ಕ ಜಾಸ್ತಿ ಬಂತು. ಡಾಕ್ಟರ್ ಫೋನ್ ಮಾಡಿ, "ಮಗು ತುಂಬಾ ಅತ್ತಿತ್ತಾ?" ಎಂದು ಕೇಳಿದರು. ಮತ್ತೆ ಬರಬೇಕು ಎಂದಾಗ ತಾಯಿಗೆ ಸಂಕಟ. "ಇನ್ನೊಂದ್ ಸಲ ಚುಚ್ಬೇಕಾ ಅಣ್ಣ?" ಎಂದರು. ಮಾರನೆಯ ದಿನ ಹುಡುಗ ಅವರ ಹೆಗಲ ಮೇಲೆ ತೂಕಡಿಸುತ್ತಿದ್ದಾಗ ಮೆಲ್ಲಗೆ ತೆಗೆದೆ. ಲೆಕ್ಕ ಮಾಮೂಲಿಗೆ ಇಳಿದಿತ್ತು.

ಇದರಲ್ಲಿ ಮಾಯ ಏನೂ ಇಲ್ಲ. ಬಿಳಿ ಕಣಗಳಲ್ಲಿ ಒಂದು ಪಾಲು ಯಾವಾಗಲೂ ರಕ್ತನಾಳದ ಗೋಡೆಗೆ ಅಂಟಿಕೊಂಡಿರುತ್ತದೆ. ಹೆದರಿದಾಗ, ಅತ್ತಾಗ ಮೈಯಲ್ಲಿ ಅಡ್ರಿನಲಿನ್ ಏರುತ್ತದೆ, ಆ ಕಣಗಳು ಗೋಡೆ ಬಿಟ್ಟು ಹರಿವಿಗೆ ಬರುತ್ತವೆ. ರೋಗವೇ ಇಲ್ಲದೆ ಲೆಕ್ಕ ಏರುತ್ತದೆ. ಆ ಮಗುವಿನ ನಂತರ ಈ ವಿಷಯದ ಬಗ್ಗೆ ಸಿಕ್ಕಿದ್ದೆಲ್ಲ ಓದತೊಡಗಿದೆ. ಹಾಗೆ ಓದುತ್ತಾ ಹೋದವನು ತಲುಪಿದ್ದು ಸೀಲ್‌ಗಳ ಹತ್ತಿರ. ತೊಟ್ಟಿಗಳಲ್ಲಿ ಸೀಲ್ ಸಾಕಿ ಅವುಗಳ ರಕ್ತ ಓದುವವರಿಗೆ ನನ್ನ ಕಷ್ಟವೇ ಇತ್ತು, ನನ್ನದಕ್ಕಿಂತ ಜಾಸ್ತಿಯೇ ಇತ್ತು.

ಸೀಲ್ ಅಂದರೆ ನಮ್ಮ ತುಂಗಭದ್ರೆಯ ನೀರುನಾಯಿ ಅಲ್ಲ, ಅದರ ಬಳಗವೇ ಬೇರೆ. ಇದು ಕಡಲಿನ ಪ್ರಾಣಿ, ಹೆಚ್ಚಾಗಿ ತಣ್ಣನೆಯ ನೀರಿನದು. ಕಾಲುಗಳು ದೋಣಿಯ ಹುಟ್ಟಿನಂತೆ ಚಪ್ಪಟೆಯಾಗಿವೆ. ಆಹಾರ ನೀರಿನೊಳಗೆ, ಉಸಿರು ಮಾತ್ರ ಮೇಲೆ. ಅಂಟಾರ್ಕ್ಟಿಕಾದ ವೆಡೆಲ್ ಸೀಲ್ 600 ಮೀಟರ್ ಆಳಕ್ಕೆ ಇಳಿಯಬಲ್ಲದು, ಒಂದು ಗಂಟೆಗೂ ಮೀರಿ ಉಸಿರು ಕಟ್ಟಿ ಇರಬಲ್ಲದು.

ಕೊರಟಗೆರೆ ಹತ್ತಿರದ ನಮ್ಮೂರಿನ ತೋಟದ ಬಾವಿಯಲ್ಲಿ ನಾವೂ ಮುಳುಗುವ ಪಂದ್ಯ ಆಡುತ್ತಿದ್ದೆವು. ಎದೆ ತುಂಬಾ ಗಾಳಿ ಎಳೆದುಕೊಂಡು ಧುಮುಕುವುದು, ಮೆಟ್ಟಿಲ ಕಲ್ಲು ಹಿಡಿದು ಕೂರುವುದು. ಒಂದು ನಿಮಿಷ ಮುಟ್ಟಿದವನೇ ಶೂರ. ಸೀಲ್ ಇದಕ್ಕೆ ಪೂರಾ ತಿರುವುಮುರುವು. ಮುಳುಗುವ ಮುಂಚೆ ಉಸಿರು ಹೊರಗೆ ಬಿಡುತ್ತದೆ. ಆಳದ ಒತ್ತಡದಲ್ಲಿ ಶ್ವಾಸಕೋಶದ ಗಾಳಿ ರಕ್ತಕ್ಕೆ ಕರಗಿದರೆ ಅದರಲ್ಲಿರುವ ಸಾರಜನಕದಿಂದ ಅಪಾಯ. ಹಾಗಾಗಿ ಅದು ಆಮ್ಲಜನಕವನ್ನು ಹೆಚ್ಚಾಗಿ ರಕ್ತದಲ್ಲಿ ಮತ್ತು ಮಾಂಸಖಂಡದಲ್ಲಿ ಹೊತ್ತೊಯ್ಯುತ್ತದೆ. ಮನುಷ್ಯನ ತೂಕದಲ್ಲಿ ರಕ್ತ ಶೇಕಡಾ 7ರಷ್ಟು. ವೆಡೆಲ್ ಸೀಲ್‌ನಲ್ಲಿ ಅದರ ಎರಡರಷ್ಟು. ಕೆಂಪು ಕಣಗಳೊಳಗೆ ಆಮ್ಲಜನಕ ಹೊರುವ ಹಿಮೋಗ್ಲೋಬಿನ್, ಹಾರ್ಬರ್ ಸೀಲ್ ಎಂಬ ಇನ್ನೊಂದು ಜಾತಿಯಲ್ಲಿ 20ರ ಆಸುಪಾಸು ಇರುತ್ತದೆ. ನಮ್ಮ ಲ್ಯಾಬ್‌ನಲ್ಲಿ ಯಾರಿಗಾದರೂ 20 ಬಂದರೆ ನಾನು ಸ್ಯಾಂಪಲ್ಲನ್ನು ಮತ್ತೊಮ್ಮೆ ಮೆಷಿನ್‌ಗೆ ಹಾಕುತ್ತೇನೆ.

ಕೆಂಪು ಕಣ ಇಷ್ಟು ಜಾಸ್ತಿ ಇದ್ದರೆ ರಕ್ತ ದಪ್ಪವಾಗುತ್ತದೆ ಅಲ್ವಾ? ಆಗುತ್ತದೆ. ರಾಗಿ ಅಂಬಲಿ ತೆಳ್ಳಗಿದ್ದರೆ ಲೋಟದಿಂದ ಸರಾಗ ಇಳಿಯುತ್ತದೆ, ಹಿಟ್ಟು ಹೆಚ್ಚಾದರೆ ತಳದಲ್ಲೇ ನಿಲ್ಲುತ್ತದೆ. ದಪ್ಪ ರಕ್ತವನ್ನು ಹಗಲೂ ರಾತ್ರಿ ತಳ್ಳಲು ಹೃದಯಕ್ಕೆ ಶ್ರಮ. ಅದಕ್ಕೆ ಸೀಲ್ ಬಿಡುವಿನಲ್ಲಿರುವಾಗ ಕೆಂಪು ಕಣಗಳ ದೊಡ್ಡ ಪಾಲನ್ನು ಗುಲ್ಮದಲ್ಲಿ, ಅಂದರೆ ಹೊಟ್ಟೆಯೊಳಗಿನ ಸ್ಪ್ಲೀನ್ ಎಂಬ ಅಂಗದಲ್ಲಿ, ಕೂಡಿಡುತ್ತದೆ. ಮುಳುಗಿದಾಗ ಗುಲ್ಮ ಹಿಂಡಿಕೊಂಡು ಅವನ್ನು ಹೊರಗೆ ಬಿಡುತ್ತದೆ. 1980ರ ದಶಕದಲ್ಲಿ ಅಮೆರಿಕದ ವೈದ್ಯ ವಾರೆನ್ ಝಾಪೋಲ್ ಅವರ ತಂಡ ಅಂಟಾರ್ಕ್ಟಿಕಾದಲ್ಲಿ ವೆಡೆಲ್ ಸೀಲ್‌ಗಳ ಬೆನ್ನಿಗೆ ಒಂದು ಪುಟ್ಟ ಕಂಪ್ಯೂಟರ್ ಕಟ್ಟಿತು. ಸೀಲ್ ತನ್ನ ಪಾಡಿಗೆ ಈಜುತ್ತಿರುವಾಗಲೇ ಆ ಯಂತ್ರ ರಕ್ತ ತೆಗೆದಿಡುತ್ತಿತ್ತು. ಮುಳುಗಿದ ಮೊದಲ ಹತ್ತು ಹನ್ನೆರಡು ನಿಮಿಷದಲ್ಲಿ ಹಿಮೋಗ್ಲೋಬಿನ್ ಸುಮಾರು 17ರಿಂದ 22ರ ಹತ್ತಿರಕ್ಕೆ ಏರಿತ್ತು.

ಇದೇ ಉಪಾಯ ನಮ್ಮ ಜಿಲ್ಲೆಯಲ್ಲೂ ಓಡಾಡುತ್ತಿದೆ. ಕುಣಿಗಲ್ ಸ್ಟಡ್ ಫಾರ್ಮ್‌ನ ಕುದುರೆಗಳನ್ನು ನೆನೆಸಿಕೊಳ್ಳಿ. ಲಾಯದಲ್ಲಿ ಸುಮ್ನೆ ನಿಂತ ಕುದುರೆಯ ರಕ್ತದಲ್ಲಿ ಕೆಂಪು ಕಣಗಳ ಪಾಲು ನೂರಕ್ಕೆ 40ರ ಆಸುಪಾಸು ಇದ್ದರೆ, ಜೋರಾಗಿ ಓಡಿದ ಮೇಲೆ 60 ದಾಟುತ್ತದೆ. ಹೊಸ ರಕ್ತ ಹುಟ್ಟಿದ್ದಲ್ಲ, ಗುಲ್ಮದ ಕೂಡಿಟ್ಟ ಗಂಟು ಬಿಚ್ಚಿದ್ದು.

ಗುಲ್ಮಕ್ಕೆ ಆ ಅಪ್ಪಣೆ ಕೊಡುವುದು ಬರೀ ಮುಳುಗು, ಓಟ ಅಲ್ಲ. ಭಯವೂ ಕೊಡುತ್ತದೆ. ಬಲೆ ಹಾಕಿ, ನಾಲ್ಕು ಜನ ಮೇಲೆ ಕೂತು ಸೀಲ್‌ನ ರಕ್ತ ತೆಗೆದರೆ ಗುಲ್ಮ ಆಗಲೇ ಖಾಲಿಯಾಗುತ್ತಿರುತ್ತದೆ, ಕೆಂಪು ಕಣ ಜಾಸ್ತಿ ಕಾಣುತ್ತದೆ. ಮತ್ತು ಬರಿಸುವ ಮದ್ದು ಕೊಟ್ಟು ಮಲಗಿಸಿದರೆ ಗುಲ್ಮ ಸಡಿಲವಾಗಿ ಕಣಗಳನ್ನು ಮತ್ತೆ ಎಳೆದುಕೊಳ್ಳುತ್ತದೆ, ಕಡಿಮೆ ಕಾಣುತ್ತದೆ. ಒಂದೇ ಪ್ರಾಣಿ, ಒಂದೇ ದಿನ, ಎರಡು ರಿಪೋರ್ಟ್. ವಿಜ್ಞಾನಿ ಪರ್ ಸ್ಕೊಲಾಂಡರ್ 1940ರಲ್ಲಿ ಪ್ರಕಟಿಸಿದ ಹೆಸರಾಂತ ಪ್ರಯೋಗಗಳಲ್ಲಿ ಸೀಲ್‌ಗಳನ್ನು ಕಟ್ಟಿ ನೀರಿಗೆ ಇಳಿಸುತ್ತಿದ್ದರು. ಹೃದಯದ ಬಡಿತ ಪಾತಾಳಕ್ಕೆ ಇಳಿದಂತೆ ಕಂಡಿತು. ತಾವಾಗಿ ಮುಳುಗುವ ಸೀಲ್‌ಗಳನ್ನು ಮುಂದೆ ಅಳೆದಾಗ, ಮಾಮೂಲಿ ಮುಳುಗಿನಲ್ಲಿ ಇಳಿತ ಅಷ್ಟು ತೀವ್ರವಾಗಿರಲಿಲ್ಲ. ಮೊದಲ ಅಳತೆಯೊಳಗೆ ದಿಗಿಲೂ ಸೇರಿತ್ತು.

ಸಾಕಿದ ಸೀಲ್‌ಗಳ ಬೆಲೆ ಇರುವುದು ಇಲ್ಲೇ. ಅವುಗಳಿಗೆ ರಕ್ತ ಕೊಡುವುದನ್ನು ಕಲಿಸಬಹುದು. ಸೀಲ್ ಹೊಟ್ಟೆ ಮೇಲೆ ಮಲಗುತ್ತದೆ. ಒಬ್ಬರು ಮುಂದೆ ಕೂತು ಮೀನು ಕೊಡುತ್ತಾರೆ, ಇನ್ನೊಬ್ಬರು ಹಿಂಗಾಲಿನ ಹತ್ತಿರ ಕೂರುತ್ತಾರೆ. ಮೊದಮೊದಲು ಕಾಲು ಮುಟ್ಟುವುದು ಮಾತ್ರ, ಒಂದು ಮೀನು. ಆಮೇಲೆ ಬೆರಳುಗಳ ನಡುವಿನ ಚರ್ಮ ಬಿಡಿಸಿ ಹಿಡಿಯುವುದು, ಮತ್ತೊಂದು ಮೀನು. ಮುಂದೆ ಸ್ಪಿರಿಟ್ ಹತ್ತಿಯ ತಂಪು. ನಂತರ ಮೊಂಡು ತುದಿಯಿಂದ ಒತ್ತುವುದು. ಪ್ರಾಣಿ ಕಾಲು ಎಳೆದುಕೊಂಡರೆ ಬಿಟ್ಟುಬಿಡುತ್ತಾರೆ, ಬಲವಂತ ಇಲ್ಲ. ಎಷ್ಟೋ ದಿನಗಳ ಮೇಲೆ ನಿಜವಾದ ಸೂಜಿ. ತುಂಬುವುದು ನಾನು ದಿನಾ ಬಳಸುವಂಥದೇ ನೇರಳೆ ಮುಚ್ಚಳದ ಟ್ಯೂಬ್. ನಿರಾಳ ಪ್ರಾಣಿಯ ರಕ್ತ ಹೀಗೆ ಸಿಕ್ಕ ಮೇಲೆ, ದಡಕ್ಕೆ ಬಂದುಬಿದ್ದ ಕಾಡು ಮರಿಯ ರಕ್ತವನ್ನು ಯಾವುದಕ್ಕೆ ಹೋಲಿಸಬೇಕು ಎಂಬುದು ಡಾಕ್ಟರುಗಳಿಗೆ ಗೊತ್ತಾಗುತ್ತದೆ.

ಕಡಲಿನ ಪ್ರಾಣಿ ತೊಟ್ಟಿಯಲ್ಲಿ ಸುತ್ತುವುದನ್ನು ನೆನೆದರೆ ನನಗೆ ಕಸಿವಿಸಿಯೇ. ಆದರೆ ತೊಟ್ಟಿಯಲ್ಲಲ್ಲದೆ ತಿಳಿಯಲಾಗದ ಸಂಗತಿಗಳೂ ಇವೆ. 1988ರಲ್ಲಿ ಉತ್ತರ ಸಮುದ್ರದ ಸುತ್ತ ಸುಮಾರು 18,000 ಸೀಲ್‌ಗಳು ಸತ್ತವು. ಕೊಂದದ್ದು ನಾಯಿಗಳ ಡಿಸ್ಟೆಂಪರ್ ವೈರಸ್‌ನ ಹತ್ತಿರದ ಸಂಬಂಧಿ. ಆದರೆ ಟ್ರಾನ್ಸ್‌ಫಾರ್ಮರ್ ಎಣ್ಣೆಯಲ್ಲಿ ಒಂದು ಕಾಲಕ್ಕೆ ಬಳಸುತ್ತಿದ್ದ ಪಿಸಿಬಿಯಂಥ ವಿಷಗಳು ಮೀನಿನ ಮೂಲಕ ಸೀಲ್‌ಗಳ ಮೈ ಸೇರಿ, ರೋಗ ತಡೆಯುವ ಶಕ್ತಿಯನ್ನು ಮೊದಲೇ ಕುಗ್ಗಿಸಿದ್ದವೇ ಎಂಬ ಪ್ರಶ್ನೆ ಎದ್ದಿತು. 1990ರ ದಶಕದಲ್ಲಿ ನೆದರ್ಲೆಂಡ್ಸ್‌ನಲ್ಲಿ 22 ಎಳೆಯ ಹಾರ್ಬರ್ ಸೀಲ್‌ಗಳನ್ನು ಎರಡು ಗುಂಪು ಮಾಡಿದರು. ಇಬ್ಬರಿಗೂ ಹೆರಿಂಗ್ ಮೀನೇ ಊಟ. ಒಂದು ಗುಂಪಿಗೆ ಅಟ್ಲಾಂಟಿಕ್‌ನದು, ಇನ್ನೊಂದಕ್ಕೆ ಮಲಿನವಾದ ಬಾಲ್ಟಿಕ್ ಸಮುದ್ರದ್ದು. ಎರಡು ವರ್ಷಕ್ಕೂ ಮೀರಿ ಹೀಗೇ ನಡೆಯಿತು. ನೋಡಲು ಎರಡೂ ಗುಂಪು ಆರೋಗ್ಯವಾಗಿದ್ದವು, ಸರಿಯಾಗಿಯೇ ಬೆಳೆದವು.

ರಕ್ತದಲ್ಲಿ ಹಾಗಿರಲಿಲ್ಲ. ಬಾಲ್ಟಿಕ್ ಮೀನು ತಿಂದವುಗಳಲ್ಲಿ ವೈರಸ್ ಹೊಕ್ಕ ಜೀವಕೋಶಗಳನ್ನು ಕೊಲ್ಲುವ ನ್ಯಾಚುರಲ್ ಕಿಲ್ಲರ್ ಕಣಗಳು ಮಂಕಾಗಿದ್ದವು. ರೋಗದ ವಿರುದ್ಧ ಹೋರಾಡುವ ಟಿ ಕಣಗಳೆಂಬ ಬಿಳಿ ಕಣಗಳ ಚುರುಕೂ ತಗ್ಗಿತ್ತು. ಜೊತೆಗೆ ನ್ಯೂಟ್ರೋಫಿಲ್ ಎಂಬ ಬಿಳಿ ಕಣಗಳ ಲೆಕ್ಕ ಏರಿತ್ತು. ಗುಬ್ಬಿಯ ಆ ಹುಡುಗನಂತೆ ಹೆದರಿ ಅತ್ತರೂ ಏರುವ ಕಣಗಳಲ್ಲಿ ಇವೂ ಸೇರಿವೆ. ಆದರೆ ಇಲ್ಲಿ ಎರಡೂ ಗುಂಪನ್ನು ಸಾಕಿದ್ದು ಒಂದೇ ಕಡೆ, ನೋಡಿಕೊಂಡದ್ದು ಒಂದೇ ರೀತಿ. ಭಯ ಇದ್ದರೆ ಇಬ್ಬರಿಗೂ ಇತ್ತು. ಅದನ್ನು ಕಳೆದ ಮೇಲೆ ಉಳಿದ ವ್ಯತ್ಯಾಸ ಮೀನಿನದ್ದೇ.