ಯಂತ್ರ ‘ಪಾಸ್’ ಎಂದ ವೆಬ್‌ಸೈಟ್ ಅಂಧರ ಕೈಗೆ ಏಕೆ ಸಿಗುವುದಿಲ್ಲ?

ಅಂಧರು ವೆಬ್ ಬಳಸುವ ಹಕ್ಕಿನ ಬಗ್ಗೆ ಮಾರ್ಗಸೂಚಿ, ಕಾಯ್ದೆ, ನಿಯಮ, ಮಾನಕ, ಕೋರ್ಟ್ ತೀರ್ಪು ಒಂದರ ಮೇಲೊಂದು ಬಂದು ಕೂತಿವೆ. ಯಾವುದು ಕಡ್ಡಾಯ, ಯಾವುದು ಸಲಹೆ ಎಂಬುದೇ ಅನೇಕರಿಗೆ ಗೊಂದಲ.

ಕಾಲಾನುಕ್ರಮ ಚಿಕ್ಕದು. ವೆಬ್ ತಾಣಗಳನ್ನು ಅಂಗವಿಕಲರೂ ಬಳಸುವಂತೆ ರೂಪಿಸುವುದು ಹೇಗೆ ಎಂದು ಹೇಳುವ ಡಬ್ಲ್ಯುಸಿಎಜಿ ಎಂಬ ಅಂತರರಾಷ್ಟ್ರೀಯ ಮಾರ್ಗಸೂಚಿ ಬಂದದ್ದು 1999ರಲ್ಲಿ, ಅದರ ಎರಡನೇ ಆವೃತ್ತಿ 2008ರಲ್ಲಿ. ಭಾರತ ವಿಶ್ವಸಂಸ್ಥೆಯ ಅಂಗವಿಕಲರ ಹಕ್ಕುಗಳ ಒಡಂಬಡಿಕೆಯನ್ನು ಅನುಮೋದಿಸಿದ್ದು 2007ರಲ್ಲಿ. 2009ರಲ್ಲಿ ಸರ್ಕಾರಿ ಜಾಲತಾಣಗಳ ಮಾರ್ಗಸೂಚಿ, 2013ರಲ್ಲಿ ಎಲೆಕ್ಟ್ರಾನಿಕ್ ಸೌಲಭ್ಯಗಳು ಎಲ್ಲರಿಗೂ ಸಿಗಬೇಕೆಂಬ ರಾಷ್ಟ್ರೀಯ ನೀತಿ, 2016ರಲ್ಲಿ ಅಂಗವಿಕಲರ ಹಕ್ಕುಗಳ ಕಾಯ್ದೆ, ಮರುವರ್ಷ ಅದರ ನಿಯಮಗಳು.

ಇವುಗಳ ಹಿಂದೆ ಎರಡು ಬಗೆಯ ಸಂಶೋಧನೆಗಳಿವೆ. ಒಂದು, ಸಾಫ್ಟ್‌ವೇರ್‌ನಿಂದ ಸಾವಿರಾರು ಪುಟಗಳ ದೋಷ ಎಣಿಸುವುದು. ಬೆಂಗಳೂರಿನ ಸೆಂಟರ್ ಫಾರ್ ಇಂಟರ್ನೆಟ್ ಆ್ಯಂಡ್ ಸೊಸೈಟಿ 2012ರಲ್ಲಿ ಮಾಡಿದ್ದು ಇದನ್ನೇ. ಪರೀಕ್ಷೆಗೆ ತೆಗೆದುಕೊಂಡ 7,800 ಸರ್ಕಾರಿ ತಾಣಗಳಲ್ಲಿ 1,985 ತೆರೆಯಲೇ ಇಲ್ಲ. ತೆರೆದವುಗಳ ಪೈಕಿ ಹೆಚ್ಚಿನವುಗಳಲ್ಲಿ ಒಂದಲ್ಲ ಒಂದು ಅಡ್ಡಿ ಸಿಕ್ಕಿತು.

ಇನ್ನೊಂದು, ಅಂಧರನ್ನೇ ಕೂರಿಸಿ ಕೆಲಸ ಕೊಟ್ಟು ನೋಡುವುದು. ಬ್ರಿಟನ್ನಿನ ಅಂಗವಿಕಲರ ಹಕ್ಕುಗಳ ಆಯೋಗದ 2004ರ ಅಧ್ಯಯನದಲ್ಲಿ ವಿವಿಧ ಬಗೆಯ ಅಂಗವಿಕಲ ಬಳಕೆದಾರರು ಎದುರಿಸಿದ ತೊಂದರೆಗಳ ಪೈಕಿ ಶೇ 45ರಷ್ಟು ಮಾರ್ಗಸೂಚಿಯ ಯಾವ ಅಂಶಕ್ಕೂ ಸೇರಿರಲಿಲ್ಲ. 2007ರಲ್ಲಿ ಅಮೆರಿಕದಲ್ಲಿ 100 ಮಂದಿ ಅಂಧರು ದಿನಚರಿ ಬರೆದಿಟ್ಟರು. ವೆಬ್ ಮುಂದೆ ಕಳೆದ ಸಮಯದಲ್ಲಿ ಶೇ 30ರಷ್ಟು ಇಂಥ ಅಡ್ಡಿಗಳಿಂದ ವ್ಯರ್ಥವಾಗಿತ್ತು. ಯಾರ್ಕ್ ವಿಶ್ವವಿದ್ಯಾಲಯದ 2012ರ ಅಧ್ಯಯನದಲ್ಲಿ 32 ಅಂಧರು 16 ತಾಣಗಳಲ್ಲಿ 1,383 ತೊಂದರೆಗಳನ್ನು ದಾಖಲಿಸಿದರು. ಡಬ್ಲ್ಯುಸಿಎಜಿ 2.0ರ ವ್ಯಾಪ್ತಿಗೆ ಬಂದವು ಅವುಗಳಲ್ಲಿ ಸುಮಾರು ಅರ್ಧ ಮಾತ್ರ.

ಅಂತರ ಹುಟ್ಟುವುದು ಎಲ್ಲಿ? ಚಿತ್ರದಲ್ಲಿ ಏನಿದೆ ಎಂದು ಮಾತಿನಲ್ಲಿ ಹೇಳುವ ಪರ್ಯಾಯ ಪಠ್ಯ ಇದೆಯೇ ಎಂದು ಯಂತ್ರ, ಅಂದರೆ ದೋಷ ಎಣಿಸುವ ಸಾಫ್ಟ್‌ವೇರ್, ನೋಡುತ್ತದೆ. ಆ ಜಾಗದಲ್ಲಿ ‘ಬ್ಯಾನರ್ 3’ ಎಂದಿದ್ದರೂ ಪಾಸ್. ಪುಟದ ಭಾಷೆ ನಮೂದಾಗಿದೆಯೇ ಎಂದು ನೋಡುತ್ತದೆ. ಟೆಂಪ್ಲೇಟಿನಲ್ಲಿದ್ದ ‘ಇಂಗ್ಲಿಷ್’ ಕನ್ನಡ ಪುಟದಲ್ಲೂ ಹಾಗೇ ಉಳಿದರೆ ಅದೂ ಪಾಸ್. ಆದರೆ ಪರದೆಯ ಮೇಲಿನದನ್ನು ಓದಿ ಹೇಳುವ ತಂತ್ರಾಂಶವಾದ ಸ್ಕ್ರೀನ್ ರೀಡರ್ ಕನ್ನಡ ಸಾಲುಗಳನ್ನು ಇಂಗ್ಲಿಷ್ ಧ್ವನಿಗೆ ಒಪ್ಪಿಸುತ್ತದೆ, ಕೇಳುವವರಿಗೆ ಏನೂ ತಿಳಿಯುವುದಿಲ್ಲ. ಅರ್ಜಿಯಲ್ಲಿ ಜಿಲ್ಲೆ ಆರಿಸಿದೊಡನೆ ತಾಲ್ಲೂಕುಗಳ ಪಟ್ಟಿಗಾಗಿ ಪುಟ ಮತ್ತೆ ಲೋಡ್ ಆಗಿ, ಫೋಕಸ್ (ಕೀಬೋರ್ಡ್ ನಿಂತಿರುವ ಜಾಗ) ಮೇಲಿನ ಮೆನುವಿಗೆ ಹಾರುತ್ತದೆ. ಟ್ಯಾಬ್ ಒತ್ತುತ್ತಾ ಕೆಳಗೆ ಬರುವಷ್ಟರಲ್ಲಿ ಒಟಿಪಿ ಅವಧಿ ಮುಗಿದಿರುತ್ತದೆ. ಹಳೆಯ ನುಡಿ ಫಾಂಟಿನ ಸುತ್ತೋಲೆ ಕಣ್ಣಿಗೆ ಕನ್ನಡವೇ. ಒಳಗಿರುವುದು ಯೂನಿಕೋಡ್ ಎಂಬ ಸಾರ್ವತ್ರಿಕ ಅಕ್ಷರ ಸಂಕೇತವಲ್ಲ, ಆದ್ದರಿಂದ ಕಿವಿಗೆ ಬೀಳುವುದು ಅರ್ಥವಿಲ್ಲದ ರೋಮನ್ ಅಕ್ಷರಗಳು. ಅದನ್ನೇ ಸ್ಕ್ಯಾನ್ ಮಾಡಿ ಪಿಡಿಎಫ್ ಮಾಡಿದರೆ ಅಷ್ಟೂ ಕೇಳದು.

ನೀತಿಯೊಳಗೆ ಸುಲಭವಾಗಿ ಸೇರಿದ್ದು ಮೊದಲ ಬಗೆಯ ಸಂಶೋಧನೆ. ಎಣಿಸಬಹುದಾದ ಅಂಶವನ್ನು ಟೆಂಡರಿಗೆ ಸೇರಿಸಬಹುದು, ಪ್ರಮಾಣಪತ್ರಕ್ಕೂ ಆಧಾರವಾಗಿಸಬಹುದು. 2023ರಲ್ಲಿ ಸರ್ಕಾರಿ ಮಾರ್ಗಸೂಚಿಯ ಮೂರನೇ ಆವೃತ್ತಿ ಡಬ್ಲ್ಯುಸಿಎಜಿ 2.1ರ ‘ಎಎ’ ಎಂಬ ಮಧ್ಯಮ ಮಟ್ಟಕ್ಕೆ ಏರಿತು, ಐಎಸ್ 17802 ಎಂಬ ಭಾರತೀಯ ಮಾನಕವೂ ಅಂಗವಿಕಲರ ಹಕ್ಕುಗಳ ನಿಯಮಗಳ ಪೈಕಿ ನಿಯಮ 15ರೊಳಗೆ ಬಂತು. ಇವೆಲ್ಲ ಬೇಕೇ ಬೇಕು. ಆದರೆ ಇಷ್ಟೇ ಸಾಕು ಎಂದುಕೊಂಡ ಕಡೆ ಅರ್ಧ ತೊಂದರೆ ಲೆಕ್ಕಕ್ಕೇ ಬರಲಿಲ್ಲ.

2024ರ ನವೆಂಬರ್ 8ರಂದು ರಾಜೀವ್ ರತೂರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಕಾಯ್ದೆ ಕಡ್ಡಾಯ ಎಂದಿರುವಾಗ ನಿಯಮ 15(1) ಬರೀ ಸಲಹೆಯಂತಿರುವುದು ಕಾಯ್ದೆಗೆ ವಿರುದ್ಧ ಎಂದು ಹೇಳಿ, ಕಡ್ಡಾಯ ಮಾನಕ ರೂಪಿಸಲು ಕೇಂದ್ರಕ್ಕೆ 3 ತಿಂಗಳು ಕೊಟ್ಟಿತು. 2025ರ ಏಪ್ರಿಲ್ 30ರ ತೀರ್ಪು ಇನ್ನೂ ಮುಂದೆ ಹೋಯಿತು. ಆ್ಯಸಿಡ್ ದಾಳಿಗೆ ತುತ್ತಾದವರು ಮತ್ತು ಒಬ್ಬ ಅಂಧ ವಕೀಲರು ಗ್ರಾಹಕರ ಗುರುತನ್ನು ಆನ್‌ಲೈನ್‌ನಲ್ಲಿ ಖಚಿತಪಡಿಸುವ ಡಿಜಿಟಲ್ ಕೆವೈಸಿಯ ತೊಡಕುಗಳ ವಿರುದ್ಧ ಹೂಡಿದ್ದ ಪ್ರಕರಣಗಳವು. ಡಿಜಿಟಲ್ ಪ್ರವೇಶ ಸಂವಿಧಾನದ 21ನೇ ವಿಧಿಯ ಭಾಗ ಎಂದ ಪೀಠ 20 ನಿರ್ದೇಶನ ಕೊಟ್ಟಿತು. ಆ್ಯಪ್ ಅಥವಾ ತಾಣ ರೂಪಿಸುವಾಗ, ಹೊಸ ಸೌಲಭ್ಯ ಸೇರಿಸುವಾಗ ಪರೀಕ್ಷೆಯ ಹಂತದಲ್ಲೇ ಅಂಧರು ಇರಬೇಕು ಎಂಬುದು ಅವುಗಳಲ್ಲೊಂದು. ಎರಡನೇ ಬಗೆಯ ಸಂಶೋಧನೆ ಹೇಳುತ್ತಾ ಬಂದಿದ್ದೂ ಇದನ್ನೇ.

ಆದರೆ ಈ ನಿರ್ದೇಶನ ಅನ್ವಯಿಸುವುದು ಕೆವೈಸಿ ನಡೆಸುವ ಸಂಸ್ಥೆಗಳಿಗೆ. ಇಲಾಖೆಗಳ ಅರ್ಜಿ ನಮೂನೆಗಳಿಗೂ ಅದನ್ನು ವಿಸ್ತರಿಸಲು ಟೆಂಡರಿನಲ್ಲಿ ನಾಲ್ಕು ಸಾಲು ಸಾಕು: ವಿಂಡೋಸ್‌ನಲ್ಲಿ ಎನ್‌ವಿಡಿಎ, ಆಂಡ್ರಾಯ್ಡ್‌ನಲ್ಲಿ ಟಾಕ್‌ಬ್ಯಾಕ್ ಎಂಬ ಸ್ಕ್ರೀನ್ ರೀಡರ್ ಬಳಸಿ ಪರೀಕ್ಷೆ, ಕನ್ನಡ ಪುಟಗಳಿಗೆ ಕನ್ನಡ ಧ್ವನಿ, ಲಾಗಿನ್‌ನಿಂದ ಸ್ವೀಕೃತಿ ಪತ್ರ ಇಳಿಸಿಕೊಳ್ಳುವವರೆಗಿನ ಪೂರ್ತಿ ಕೆಲಸವನ್ನು ಅಂಧರೇ ಮಾಡಿ ಮುಗಿಸುವುದು, ಅದು ಆಗುವವರೆಗೆ ಕೊನೆಯ ಕಂತು ಬಿಡುಗಡೆ ಮಾಡದಿರುವುದು.