ಒಂದು ತಟ್ಟೆ ತಿಂಡಿಯಲ್ಲಿ ಮಾಲ್ಡೀವ್ಸ್ ಪಾಠ

ಕೋಲಾರದ ತರಗತಿಯಲ್ಲಿ ದ್ವೀಪರಾಷ್ಟ್ರದ ಪ್ರವಾಸೋದ್ಯಮ ಕಲಿಸಬೇಕು. ಎದುರಿಗೆ ಕುಳಿತವರಲ್ಲಿ ಹೆಚ್ಚಿನವರು ಸಮುದ್ರವನ್ನೇ ಕಂಡಿಲ್ಲ. ಮೊದಮೊದಲು ನಾನು ನೀಲಿ ನೀರು, ಬಿಳಿ ಮರಳಿನ ಚಿತ್ರಗಳಿಂದ ಪಾಠ ಶುರುಮಾಡುತ್ತಿದ್ದೆ. ಮಕ್ಕಳು ಕಣ್ಣರಳಿಸಿ ನೋಡುತ್ತಿದ್ದರು, ಉದ್ಯಮ ಮಾತ್ರ ತಲೆಗೆ ಹತ್ತುತ್ತಿರಲಿಲ್ಲ.

ಈಗ ಬೋರ್ಡಿನ ಮೇಲೆ ಒಂದು ತಟ್ಟೆ ಬರೆಯುತ್ತೇನೆ. ರೆಸಾರ್ಟಿನ ಬೆಳಗಿನ ತಿಂಡಿ: ಬ್ರೆಡ್, ಈರುಳ್ಳಿ ಟೊಮೆಟೊ ಹಾಕಿದ ಆಮ್ಲೆಟ್, ಕಾಫಿ, ಪಕ್ಕದಲ್ಲಿ ಟ್ಯೂನಾ ಮೀನು, ಕಾಯಿತುರಿ. 'ಇದರಲ್ಲಿ ಅಲ್ಲಿನದು ಯಾವುದು, ಹಡಗಿನಲ್ಲಿ ಬಂದದ್ದು ಯಾವುದು?' ಎಂದು ಕೇಳುತ್ತೇನೆ. ಕೊನೆಗೆ ಅಲ್ಲಿನದೆಂದು ಧೈರ್ಯವಾಗಿ ಹೇಳಲು ಉಳಿಯುವುದು ಮೀನು ಮತ್ತು ತೆಂಗು. ಸುಮಾರು 1,200 ಹವಳದ ದ್ವೀಪಗಳಿರುವ ದೇಶದಲ್ಲಿ ಉಳುಮೆಗೆ ನೆಲ ತೀರಾ ಕಡಿಮೆ. ನಮ್ಮ ಸರ್ಕಾರ ಈರುಳ್ಳಿ ರಫ್ತನ್ನು ನಿಷೇಧಿಸಿದ್ದ 2024ರಲ್ಲೂ ಮಾಲ್ಡೀವ್ಸ್‌ಗೆ ಪ್ರತ್ಯೇಕ ಕೋಟಾ ಕೊಟ್ಟಿತು.

ಶ್ರೀನಿವಾಸಪುರ ಕಡೆಯ ವಿದ್ಯಾರ್ಥಿನಿಯೊಬ್ಬಳ ತಂದೆ ಟೊಮೆಟೊ ಬೆಳೆಗಾರರು. 'ಹಾಗಾದರೆ ಪ್ರವಾಸಿ ಕೊಟ್ಟ ದುಡ್ಡು ಊಟದ ಬಾಬತ್ತಿನಲ್ಲೇ ಮತ್ತೆ ಆಚೆಗೆ ಹೋಗುತ್ತದಲ್ಲ ಮೇಡಂ?' ಎಂದಳು. ಹದಿನೈದು ಕೆಜಿ ಬಾಕ್ಸಿಗೆ ಮಂಡಿಯಲ್ಲಿ ಎಷ್ಟು ಸಿಕ್ಕಿತು, ಕಮಿಷನ್, ಕೂಲಿ, ಬಾಡಿಗೆ ಕಳೆದು ಮನೆಗೆ ಎಷ್ಟು ಬಂತು ಎಂಬ ಲೆಕ್ಕ ನೋಡುತ್ತಾ ಬೆಳೆದ ಹುಡುಗಿ ಅವಳು. ಪಠ್ಯಪುಸ್ತಕ ಇದನ್ನು 'ಸೋರಿಕೆ' ಎನ್ನುತ್ತದೆ. ಆ ಪದ ಹೇಳುವ ಮೊದಲೇ ಅವಳಿಗೆ ವಿಷಯ ಸಿಕ್ಕಿತ್ತು.

ಅಲ್ಲಿಂದ ಮುಂದೆ ಇತಿಹಾಸ ಸಲೀಸು. 1972ರಲ್ಲಿ ಮೊದಲ ರೆಸಾರ್ಟ್ ಬಂತು. ಆಮೇಲೆ ದಶಕಗಳ ಕಾಲ ಜನವಸತಿಯಿಲ್ಲದ ದ್ವೀಪಗಳಲ್ಲೇ, ಒಂದು ದ್ವೀಪಕ್ಕೆ ಒಂದರಂತೆ, ರೆಸಾರ್ಟ್‌ಗಳು ಎದ್ದವು. ಪ್ರವಾಸಿ ಬಂದು ಹೋದದ್ದು ಊರಿನ ಅಂಗಡಿಯವನಿಗೆ ತಿಳಿಯುತ್ತಲೇ ಇರಲಿಲ್ಲ. 2009ರ ಸುಮಾರಿಗೆ ಜನರಿರುವ ದ್ವೀಪಗಳಲ್ಲೂ ಗೆಸ್ಟ್‌ಹೌಸ್ ನಡೆಸಲು ಅವಕಾಶವಾದದ್ದು, ನನ್ನ ದೃಷ್ಟಿಯಲ್ಲಿ, ಆ ದೇಶದ ಪ್ರವಾಸೋದ್ಯಮದ ಅತಿ ದೊಡ್ಡ ತಿರುವು. ಮಾಫುಶಿಯಂಥ ಊರುಗಳಲ್ಲಿ ಮನೆಯವರೇ ಅತಿಥಿಗಳಿಗೆ ಕೋಣೆ ಕೊಡಲು ಶುರುಮಾಡಿದರು.

ನೀರಿನ ಪಾಠವನ್ನಂತೂ ನಮ್ಮ ಮಕ್ಕಳಿಗೆ ವಿವರಿಸಬೇಕಾಗಿಯೇ ಇಲ್ಲ. ಸಾವಿರ ಅಡಿ ಕೊರೆದರೂ ಬೋರ್‌ವೆಲ್ ಒಣಗಿದ್ದನ್ನು ಕಂಡವರು ಇವರು. 2014ರ ಡಿಸೆಂಬರಿನಲ್ಲಿ ರಾಜಧಾನಿ ಮಾಲೆಯ ಉಪ್ಪುನೀರು ಶುದ್ಧೀಕರಣ ಘಟಕಕ್ಕೆ ಬೆಂಕಿ ಬಿದ್ದು, ಸುಮಾರು ಒಂದು ಲಕ್ಷ ಜನಕ್ಕೆ ನಲ್ಲಿ ನೀರು ನಿಂತಿತು. ಭಾರತ ವಿಮಾನದಲ್ಲಿ, ಹಡಗಿನಲ್ಲಿ ನೀರು ಕಳಿಸಿತು. ಇದನ್ನು ಹೇಳಿದಾಗ ತರಗತಿ ನಿಶ್ಶಬ್ದವಾಗುತ್ತದೆ.

ಈ ಸಲದ ನಿಯೋಜನೆ ಕೋಲಾರದ ಅಂತರಗಂಗೆ ಬೆಟ್ಟದಲ್ಲಿ. ಮೆಟ್ಟಿಲ ಬಳಿಯ ಅಂಗಡಿಗಳ ಒಂದೊಂದು ವಸ್ತುವೂ ಎಲ್ಲಿಂದ ಬಂತೆಂದು ಕೇಳಿ ಬರೆಯಬೇಕು. ಅದೇ ಹುಡುಗಿ ಆಗಲೇ ಹಾಳೆಯ ನಡುವೆ ಗೆರೆ ಎಳೆದು ಒಂದು ಕಡೆ 'ನಮ್ಮದು', ಇನ್ನೊಂದು ಕಡೆ 'ಆಚೆಯದು' ಎಂದು ಬರೆದಿಟ್ಟುಕೊಂಡಿದ್ದಾಳೆ.